ಮಂಗಳೂರು ನೌಕಾಸಮರ, 1837: ಒಂದು ತಟಸ್ಥ ಅಧ್ಯಯನ

ನೌಕಾಯುದ್ಧಕ್ಕೆ ಮುಖ್ಯ ಲಕ್ಷಣಗಳು ಎರಡು: ನೀರು ಮತ್ತು ವೈರಿ. 1837ರ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಎರಡೂ ಇದ್ದವು. ವೈರಿಗಳ ಪೈಕಿ ಒಂದು ಪಕ್ಷ ಮಾತ್ರ ನೀರಿಗಿಳಿಯಿತು ಎಂಬುದು ಗೌಣ. ಈ ಸಮರದ ಪರಾಮರ್ಶೆಗೆ ವಸ್ತಾರೆಯಷ್ಟು ತಕ್ಕ ಸ್ಥಳ ಇನ್ನೊಂದಿಲ್ಲ. ಕಾಫಿತೋಟಗಳ ನಡುವೆ ಕುಳಿತಿರುವ, ಕಡಲು ಕಾಣಬೇಕಾದರೆ ಚಾರ್ಮಾಡಿ ಘಟ್ಟ ಇಳಿಯಬೇಕಾದ ಈ ಊರು, ತಟವೇ ಇಲ್ಲದೆ ತಟಸ್ಥವಾಗಿದೆ.

ಮೊದಲು ಕಾರಣ. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡು, ಅದರ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದದ್ದನ್ನೇ ಕಂದಾಯವಾಗಿ ಅಳೆಯುತ್ತಿದ್ದ ರೈತರು ಇನ್ನು ನಗದು ಎಣಿಸಬೇಕಾಯಿತು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ರೂಪಾಯಿ ಬೆಳೆಯುವುದಿಲ್ಲ ಎಂಬ ಕೃಷಿತತ್ತ್ವವು ಕಚೇರಿಗೆ ತಾನಾಗಿ ತಲುಪಲಿಲ್ಲ. ಆದಕಾರಣ ಸಾವಿರಾರು ಜನ ಅದನ್ನು ಕಾಲ್ನಡಿಗೆಯಲ್ಲಿ ತಲುಪಿಸಲು ಹೊರಟರು. ಮುಂದಾಳು ಕೊಡಗಿನ ಹಾಲೇರಿ ಅರಸುಮನೆತನದ ಕಲ್ಯಾಣಸ್ವಾಮಿ. ಆತ ವಾಸ್ತವವಾಗಿ ಪುಟ್ಟಬಸಪ್ಪ ಎಂಬುದನ್ನು ಬಿಟ್ಟರೆ ಈ ಅಂಶದಲ್ಲಿ ಗೊಂದಲವಿಲ್ಲ.

ಇನ್ನು ಸಮರ. ದಂಡು ಬರುವ ಸುದ್ದಿಗೆ ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ತೆರಳಿದರು. ಒಂದು ದೋಣಿಯೂ ಇಲ್ಲದ ಪಕ್ಷ ಬಂದರನ್ನು ಗೆದ್ದು, ಏಪ್ರಿಲ್ 5ರಂದು ಗುಡ್ಡದ ಮೇಲೆ ಬಾವುಟ ಹಾರಿಸಿತು. ನೌಕಾಬಲವುಳ್ಳ ಪಕ್ಷ ಬಂದರನ್ನು ಬಿಟ್ಟು ಸಮುದ್ರವನ್ನು ಉಳಿಸಿಕೊಂಡಿತು. ಹದಿಮೂರು ದಿನ ಹೀಗೇ ಇತ್ತು. ಬಳಿಕ ಕಣ್ಣೂರಿನಿಂದ ಸೈನ್ಯ ಬಂತು. ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು.

ನೆನಪಿನ ವಿಭಾಗ ಸ್ವಲ್ಪ ಜಟಿಲವಾದುದು. ಕಂಪನಿಯ ಕಡತಗಳಲ್ಲಿ ಇದು ದಂಗೆ. ಘಟ್ಟದ ಕೆಳಗಿನ ಅಜ್ಜಂದಿರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಹೆಚ್ಚುಕಡಿಮೆ ಲೂಟಿ. ಈಗಿನ ಭಾಷಣಗಳಲ್ಲಿ ‘ಅಮರ ಸುಳ್ಯ ಸ್ವಾತಂತ್ರ್ಯ ಸಮರ’, 1857ಕ್ಕಿಂತ ಇಪ್ಪತ್ತು ವರ್ಷ ಹಿರಿದು. ನಿರಂಜನರು ಇದನ್ನೇ ಕಾದಂಬರಿಯಾಗಿಸಿದರು. ಬಾವುಟಗುಡ್ಡೆಯಲ್ಲಿ 2022ರಲ್ಲಿ ದಂಡಿನ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರು ಕಂಚಾಗಿ ಮರಳಿದರು. ಒಂದೇ ಊರನ್ನು ಅದೇ ಜನ ಲೂಟಿಯನ್ನೂ ಮಾಡಿ ವಿಮೋಚನೆಯನ್ನೂ ಮಾಡಿದ್ದು ಶ್ರಮವಿಭಜನೆಯ ದೃಷ್ಟಿಯಿಂದ ಗಮನಾರ್ಹ.

ತನಗೆ ನಿಷ್ಠರಾಗಿ ನಿಂತ ಕೊಡಗಿನವರಿಗೆ ಕಂಪನಿಯು ಪದಕಗಳನ್ನು ಹಂಚಿತು. ಕೊಡಗಿಗೆ ಕಡಲಿಲ್ಲ ಎಂಬುದು ಅಡ್ಡಿಯಾಗಲಿಲ್ಲ. ಪದಕದ ಇಂಗ್ಲಿಷ್ ಮುಖದ ಪ್ರಕಾರ ಇದೆಲ್ಲ ನಡೆದದ್ದು ಏಪ್ರಿಲ್‌ನಲ್ಲಿ. ಕನ್ನಡ ಮುಖದ ಪ್ರಕಾರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಹಡಗಿನ ಉಲ್ಲೇಖ ಎರಡು ಮುಖಗಳಲ್ಲೂ ಇಲ್ಲ.