ಸರ್ವರ್ ಸಂಕ್ರಾಂತಿ

ವಿಶಾಖಪಟ್ಟಣದವರನ್ನೂ ವಿಜಯವಾಡದವರನ್ನೂ ಒಂದೇ ಕಂಪನಿಯ ಸಂಬಳದ ಪಟ್ಟಿಯಲ್ಲಿ ಸೇರಿಸಿದವರ ಧೈರ್ಯ ಮೆಚ್ಚಬೇಕು. ಒಬ್ಬರಿಗೆ ಸಮುದ್ರದ ಗತ್ತು, ಇನ್ನೊಬ್ಬರಿಗೆ ಜಂಕ್ಷನ್ನಿನ ಗತ್ತು. ‘ನಮ್ಮೂರಿಗೆ ಹಡಗು ಬರ್ತದೆ’ ಅಂತ ಇವರು. ‘ಬಂದು ಅಲ್ಲೇ ಕೊಳೀಬೇಕಾ? ನಮ್ಮ ಸ್ಟೇಷನ್ ದಾಟಿದರೆ ತಾನೇ ನಿಮ್ಮ ಮಾಲು ದೇಶ ನೋಡೋದು’ ಅಂತ ಅವರು. ನಡುವೆ ಸುಮಾರು 350 ಕಿಲೋಮೀಟರ್. ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಆರು ತಾಸು. ಅನಕಾಪಲ್ಲಿಯ ಬೆಲ್ಲ, ತುನಿಯ ಮಾವು, ರಾಜಮಂಡ್ರಿಯ ಗೋದಾವರಿ, ಎಲ್ಲವನ್ನೂ ದಾಟಿ ಇಳಿದರೂ ವಾದ ಮಾತ್ರ ಹತ್ತಿದ ಕಡೆಯೇ ಇರುತ್ತದೆ. ಬಳ್ಳಾರಿಯವನಾದ ನಾನು ಎರಡೂ ಊರಿಗೆ ಹೊರಗಿನವನು, ಮೇಲಾಗಿ ತೆಲುಗು ಬಲ್ಲವನು. ಹಾಗಾಗಿ ಪಂಚಾಯ್ತಿಗೆಲ್ಲ ನನ್ನನ್ನೇ ಕೂರಿಸುತ್ತಿದ್ದರು. ‘ಬಳ್ಳಾರಿ ಸಾರ್ ಏನಂತಾರೆ?’ ಬಳ್ಳಾರಿ ಸಾರ್ ಏನಂದರೂ ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮದು ಬಂದರಿನ ಕ್ಲಿಯರಿಂಗ್ ಏಜೆಂಟರ ಕಚೇರಿ. ಬಿಲ್ ಆಫ್ ಎಂಟ್ರಿ, ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಎಲ್ಲವೂ ಇ-ಮೇಲಿನಲ್ಲೇ ಬರಬೇಕು. ಒಂದು ಮೇಲು ತಡವಾದರೆ ಕಂಟೇನರ್ ಯಾರ್ಡಿನಲ್ಲೇ ನಿಂತು ಡೆಮರೇಜಿನ ಮೀಟರ್ ಓಡತೊಡಗುತ್ತದೆ. ಇಷ್ಟು ಜೀವಾಳದ ಮೇಲನ್ನು ನಾವು ಇಟ್ಟುಕೊಂಡಿದ್ದು ವಿಶಾಖದ ಕಚೇರಿಯ ಮೂಲೆಯಲ್ಲಿದ್ದ ಒಂದು ಎಕ್ಸ್‌ಚೇಂಜ್ 2003 ಸರ್ವರಿನಲ್ಲಿ. ಅದಕ್ಕೆ ತಯಾರಿಸಿದ ಕಂಪನಿಯ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ ಎಕ್ಸ್‌ಪಿಗೆ ಬಾಗಿಲು ಹಾಕಿದ ದಿನವೇ. ನಮ್ಮ ಭೀಮವರಂ ಹುಡುಗ, ಕಂಪ್ಯೂಟರು ನೋಡಿಕೊಳ್ಳುವವನು, ಇದನ್ನು ಹೇಳಿದಾಗ ವಿಶಾಖದ ಮ್ಯಾನೇಜರು, ‘ನಮಗೂ ಬೆಂಬಲ ಯಾರದಿದೆ? ನಾವು ಕೆಲಸ ಮಾಡ್ತಿಲ್ವಾ?’ ಎಂದು ಕೇಳಿ ಫೈಲು ಮುಚ್ಚಿದರು.

ಆ ಫೈಲು ಮತ್ತೆ ತೆರೆದದ್ದು ಅದೇ ವರ್ಷದ ಅಕ್ಟೋಬರ್ 12ರಂದು. ಹುದ್‌ಹುದ್ ಚಂಡಮಾರುತ ಬೇರೆ ಯಾವ ಊರನ್ನೂ ಹುಡುಕದೆ ನೇರ ವಿಶಾಖಪಟ್ಟಣಕ್ಕೇ ಬಂದಿಳಿಯಿತು. ಗಂಟೆಗೆ 170 ಕಿಲೋಮೀಟರಿಗೂ ಮೀರಿದ ಗಾಳಿ. ವಿಮಾನ ನಿಲ್ದಾಣದ ಚಾವಣಿಯೇ ಕಿತ್ತುಬಂದ ಮೇಲೆ ನಮ್ಮ ಯುಪಿಎಸ್ ಯಾವ ಲೆಕ್ಕ? ದಿನಗಟ್ಟಲೆ ಕರೆಂಟಿಲ್ಲ, ಫೋನಿಲ್ಲ. ಆದರೆ ಇ-ಮೇಲಿನ ವ್ಯವಸ್ಥೆ ಕಟ್ಟಿದವರು ತಾಳ್ಮೆಯವರು. ಪತ್ರ ಇಸಿದುಕೊಳ್ಳಬೇಕಾದ ಸರ್ವರು ಬಾಗಿಲು ತೆಗೆಯದಿದ್ದರೆ ಕಳಿಸುವ ಸರ್ವರು ತಕ್ಷಣ ಸಿಟ್ಟಾಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ, ಸಾಮಾನ್ಯವಾಗಿ ಐದು ದಿನ ಹೀಗೆ ಬಾಗಿಲು ಬಡಿದು ಆಮೇಲೆ ಕಳಿಸಿದವರಿಗೇ ಪತ್ರ ವಾಪಸು ಮಾಡುತ್ತದೆ. ನಮ್ಮ ಬಾಗಿಲು ಐದು ದಿನಕ್ಕೂ ತೆರೆಯಲಿಲ್ಲ.

ವಿಜಯವಾಡದಲ್ಲಿ ಕೂತಿದ್ದ ಚೇರ್ಮನ್ ಗಾರು ಅಪ್ಪಣೆ ಕೊಡಿಸಿದರು: ಸರ್ವರು ಇನ್ನು ಮುಂದೆ ವಿಜಯವಾಡದಲ್ಲಿರಲಿ. ವಿಶಾಖದವರ ಮುಖ ನೋಡಬೇಕಿತ್ತು. ಮನೆಯ ಬಾಗಿಲು ಹಾರಿಹೋದದ್ದಕ್ಕೂ ಅಷ್ಟು ದುಃಖಪಟ್ಟವರಲ್ಲ. ‘ಆ ಬಿಸಿಲಿನಲ್ಲಿ ಮಿಷನ್ನು ಕರಗಿಹೋಗ್ತದೆ’ ಅಂತ ಇವರು. ‘ನಿಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯೋದಕ್ಕಿಂತ ವಾಸಿ’ ಅಂತ ಅವರು. ಐದಾರು ವರ್ಷ ಕಳೆದು ಆಂಧ್ರಕ್ಕೆ ಮೂರು ರಾಜಧಾನಿ ಎಂಬ ಮಾತು ಬಂದಾಗ ಇಡೀ ರಾಜ್ಯ ಬೆಚ್ಚಿಬಿತ್ತು. ನಮ್ಮ ಕಚೇರಿಯಲ್ಲಿ ಯಾರೂ ಬೆಚ್ಚಲಿಲ್ಲ, ರಿಹರ್ಸಲ್ ನೋಡಿದ್ದೆವಲ್ಲ. ಭೀಮವರಂ ಹುಡುಗ ಅವತ್ತು ಹೇಳಿದ್ದು: ‘ಸಾರ್, ಮೇಲು ಕಳಿಸೋ ಸರ್ವರು ವಿಶಾಖದಲ್ಲಿ, ಇಟ್ಟುಕೊಳ್ಳೋ ಸರ್ವರು ವಿಜಯವಾಡದಲ್ಲಿ, ಸ್ಪ್ಯಾಮೋ ಅಲ್ಲವೋ ಅನ್ನೋ ವಿಚಾರಣೆ ಕರ್ನೂಲಿನಲ್ಲಿ!’

ಇರಲಿ. ಊರು ಬದಲಾಗುವಾಗಲೇ ಜಾತಕವನ್ನೂ ಬದಲಿಸಿಬಿಡೋಣ, ಲಿನಕ್ಸಿಗೆ ಹೋಗೋಣ ಎಂದು ಹುಡುಗ ಸೂಚಿಸಿದ. ದುಡ್ಡೆಷ್ಟು ಎಂದರು ಚೇರ್ಮನ್ ಗಾರು. ‘ಫ್ರೀ ಅಂಡಿ’ ಎಂದ. ಅಲ್ಲಿಗೆ ಕೆಲಸ ಕೆಟ್ಟಿತು. ಬಂದರಿನಲ್ಲಿ ಆಯುಷ್ಯ ಸವೆಸಿದವರು ಪುಕ್ಕಟೆ ಎಂದರೆ ನಂಬುತ್ತಾರೆಯೇ? ‘ಊರಿಕೇ ಇಸ್ತಾರಾ? ಎಂದುಕು?’ ಸುಮ್ಮನೆ ಯಾಕೆ ಕೊಡ್ತಾರೆ, ಇದರಲ್ಲಿ ಅವರಿಗೇನು ಲಾಭ?

ಹುಡುಗ ಕತೆ ಶುರು ಮಾಡಿದ. 1991ರಲ್ಲಿ ಹೆಲ್ಸಿಂಕಿಯ ಕಾಲೇಜು ಹುಡುಗ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆಯಲು ಕೂತದ್ದು ಲಿನಕ್ಸು. ಮೇಲು ಹೊತ್ತು ತಿರುಗುವ ಪೋಸ್ಟ್‌ಫಿಕ್ಸ್ ಬರೆದವರು ವೀಟ್ಸಾ ವೆನೆಮಾ, ನೆದರ್ಲೆಂಡ್ಸಿನ ಭೌತಶಾಸ್ತ್ರದ ಮನುಷ್ಯ. ಐಬಿಎಂನಲ್ಲಿದ್ದಾಗ 1998ರಲ್ಲಿ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಬಂದ ಮೇಲನ್ನು ಜೋಡಿಸಿಟ್ಟು ಕೇಳಿದಾಗ ಕೊಡುವ ಡವ್‌ಕಾಟ್ ಬರೆದ ಟಿಮೋ ಸಿರೈನೆನ್ ಮತ್ತೆ ಫಿನ್ಲೆಂಡಿನವನೇ. ಚೇರ್ಮನ್ ಗಾರು ಎಲ್ಲ ಕೇಳಿ, ‘ಆ ಫಿನ್ಲೆಂಡಿನಲ್ಲಿ ಚಳಿ ಜಾಸ್ತಿಯಾ?’ ಎಂದರು. ಜಾಸ್ತಿ. ‘ಹಾಗಾದರೆ ಸರಿ. ಮನೇಲಿ ಕೂತು ಬೇರೆ ಕೆಲಸ ಇರಲ್ಲ’ ಎಂದು ಒಪ್ಪಿಗೆ ಕೊಟ್ಟರು. ತಂತ್ರಾಂಶ ಪುಕ್ಕಟೆ ಬಂದದ್ದರಿಂದ ಹೊಸ ಯುಪಿಎಸ್ ಬ್ಯಾಟರಿಯೂ ಪುಕ್ಕಟೆ ಬರಬೇಕೆಂದು ಆಮೇಲೆ ಹಟ ಹಿಡಿದದ್ದು ಬೇರೆ.

ಮುಹೂರ್ತ 2015ರ ಸಂಕ್ರಾಂತಿಗೆ ಬಂತು. ಕರಾವಳಿ ಆಂಧ್ರದಲ್ಲಿ ಸಂಕ್ರಾಂತಿಯೆಂದರೆ ಭೋಗಿ, ಸಂಕ್ರಾಂತಿ, ಕನುಮ ಮೂರು ದಿನ ಊರೂರೇ ಖಾಲಿ. ಎಲ್ಲರೂ ಹಳ್ಳಿಗೆ, ಹುಂಜಗಳು ಅಂಕಣಕ್ಕೆ. ಭೀಮವರಂ ಹುಡುಗನಿಗೆ ಕೋಳಿಪಂದ್ಯದ ತವರನ್ನು ಬಿಟ್ಟು ಸರ್ವರು ಕಾಯಬೇಕಾದ ಸಂಕಟ. ಆದರೆ ಮೇಲು ಸಾಗಿಸಲು ಇಷ್ಟು ನಿಶ್ಶಬ್ದದ ಮೂರು ದಿನ ವರ್ಷದಲ್ಲಿ ಇನ್ನೊಮ್ಮೆ ಸಿಗದು.

ಭೋಗಿಯ ರಾತ್ರಿ ಇಮ್ಯಾಪ್‌ಸಿಂಕ್ ಓಡತೊಡಗಿತು. ಇದು ಹಳೆಯ ಪೆಟ್ಟಿಗೆಯನ್ನೂ ಹೊಸ ಪೆಟ್ಟಿಗೆಯನ್ನೂ ಅಕ್ಕಪಕ್ಕ ತೆರೆದು, ಅಲ್ಲಿದ್ದು ಇಲ್ಲಿಲ್ಲದ ಮೇಲನ್ನಷ್ಟೇ ಎತ್ತಿ ತರುತ್ತದೆ. ನಡುವೆ ಲೈನು ಹೋದರೂ ಭಯವಿಲ್ಲ, ಮತ್ತೆ ಓಡಿಸಿದರೆ ಬಿಟ್ಟಲ್ಲಿಂದ ಹಿಡಿಯುತ್ತದೆ. ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ಓಡುವ ಅಕ್ಷರಗಳನ್ನು ನೋಡಲು ಕಾವಲುಗಾರನೂ ಬಂದು ಕೂತ. ಒಂದು ಗುಡ್ ಮಾರ್ನಿಂಗ್ ಮೇಲು, ದಾಸವಾಳದ ಚಿತ್ರದ್ದು, ನಾಲ್ವತ್ತು ಜನರ ಪೆಟ್ಟಿಗೆಯಿಂದ ನಾಲ್ವತ್ತು ಸಲ ಹಾದುಹೋಯಿತು. ಭೋಗಿಯೆಂದರೆ ಹಳೆಯದನ್ನೆಲ್ಲ ಬೆಂಕಿಗೆ ಹಾಕುವ ದಿನ. ಊರೆಲ್ಲ ಮುರಿದ ಕುರ್ಚಿ ಸುಡುತ್ತಿದ್ದರೆ ನಾವು ಆ ದಾಸವಾಳಗಳನ್ನು ಜೋಪಾನವಾಗಿ ಸಾಗಿಸುತ್ತಿದ್ದೆವು.

ಇನ್ನು ಎಂಎಕ್ಸ್ ಬದಲಾವಣೆ. ‘ನಮ್ಮ ಕಂಪನಿಯ ಪತ್ರ ಇನ್ನು ಇಲ್ಲಿಗೆ ಬರಲಿ’ ಎಂದು ಜಗತ್ತಿಗೆ ಸಾರುವ ಒಂದು ಸಾಲು ಅದು. ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಅಂಕಿಯೂ ಜೊತೆಗಿರುತ್ತದೆ. ನಮ್ಮದು 86400 ಸೆಕೆಂಡು, ಅಂದರೆ ಪೂರ್ತಿ ಒಂದು ದಿನ ಇತ್ತು. ಹುಡುಗ ಮೊದಲೇ ಅದನ್ನು 300ಕ್ಕೆ ಇಳಿಸಿಟ್ಟಿದ್ದ. ಕನುಮದ ಬೆಳಿಗ್ಗೆ ನಿರಾಳವಾಗಿ ಬದಲಿಸೋಣ ಎಂದಾಗ ಅಕೌಂಟ್ಸ್ ಮೇಡಂ ಊರಿನಿಂದಲೇ ಫೋನು ಮಾಡಿದರು. ಕನುಮದ ದಿನ ಕಾಗೆಯೂ ಕದಲುವುದಿಲ್ಲ ಅಂತ ಅಲ್ಲಿಯ ಮಾತು, ಯಾರೂ ಪ್ರಯಾಣ ಹೊರಡುವುದಿಲ್ಲ. ‘ಮನುಷ್ಯರು ಹೋಗಬಾರದು ಮೇಡಂ, ಮೇಲು ಹೋಗಬಹುದು’ ಎಂದ ಹುಡುಗ. ‘ಅದರಲ್ಲಿ ನನ್ನ ಟಿಡಿಎಸ್ ಇದೆ’ ಎಂದರು ಮೇಡಂ. ಅಲ್ಲಿಗೆ ತೀರ್ಮಾನವಾಯಿತು. ಪಂಚಾಂಗ ತೆಗೆದು, ವರ್ಜ್ಯ ಕಳೆದು, ಸಂಕ್ರಾಂತಿಯ ಸಂಜೆಗೇ ಸಾಲು ಬದಲಿಸಿದ್ದಾಯಿತು. ಹೊಸ ಸರ್ವರಿಗೆ ಅರಿಸಿನ ಕುಂಕುಮ, ಬೆಜವಾಡ ದುರ್ಗಮ್ಮನ ಪಟ, ಒಂದು ತೆಂಗಿನಕಾಯಿ. ಕಾಯಿಯ ನೀರು ಮಾತ್ರ ದೂರ ಚೆಲ್ಲಿ ಎಂದು ನಾನು ಹೇಳಿದ್ದನ್ನು ಅವತ್ತು ಎಲ್ಲರೂ ಕೇಳಿದರು.

ಯಂತ್ರದ ಭಾಗ ಇಷ್ಟೇ. ಹಬ್ಬ ಮುಗಿಸಿ ಜನ ವಾಪಸು ಬಂದರು ನೋಡಿ, ನಿಜವಾದ ಸಾಗಾಟ ಆಮೇಲೆ ಶುರುವಾಯಿತು.

ಮೊದಲ ಕೂಗು ಅಕೌಂಟ್ಸಿನಿಂದ. ‘ನನಗೆ ಯಾರ ವಿಳಾಸವೂ ಗೊತ್ತಿಲ್ಲ!’ ಮೇಡಂ ಹೇಳಿದ್ದು ಅಕ್ಷರಶಃ ನಿಜ. ಇಷ್ಟು ವರ್ಷ ಅವರು ‘ಎಸ್’, ‘ಯು’ ಎಂದು ಎರಡಕ್ಷರ ಒತ್ತಿದರೆ ಸಾಕು, ಕಸ್ಟಮ್ಸಿನವರೋ ಬ್ಯಾಂಕಿನವರೋ ತಾವಾಗಿಯೇ ಕೆಳಗೆ ಇಳಿದು ಬಂದು ನಿಲ್ಲುತ್ತಿದ್ದರು. ಆ ನೆನಪು ಸರ್ವರಿನಲ್ಲಿ ಇದ್ದದ್ದಲ್ಲ, ಅವರ ಮೇಜಿನ ಕಂಪ್ಯೂಟರಿನ ಯಾವುದೋ ಮೂಲೆಯ ಫೈಲಿನಲ್ಲಿದ್ದದ್ದು. ಹೊಸ ಪ್ರೊಫೈಲು ಮಾಡಿದೊಡನೆ ಅದು ಕಾಣೆ. ಮೇಡಂ ‘ಎಸ್’ ಒತ್ತಿದರು, ಕಾದರು. ‘ಯು’ ಒತ್ತಿದರು, ಕಾದರು. ಪರದೆಯೂ ಇವರನ್ನೇ ನೋಡುತ್ತಾ ಕೂತಿತು. ಹಳೇ ಮೇಲು ತೆಗೆದು ರಿಪ್ಲೈ ಒತ್ತಿ ಎಂದರೆ ಅದೂ ವಾಪಸು! ಹಳೆಯ ಸರ್ವರು ತನ್ನ ಮನೆಯವರನ್ನು ಇ-ಮೇಲ್ ವಿಳಾಸದಿಂದ ಗುರುತಿಸುತ್ತಿರಲಿಲ್ಲ, ಒಳಗೊಳಗೇ ಗೋತ್ರ ಪ್ರವರದಂಥ ಒಂದು ಉದ್ದದ ಗುರುತು ಇಟ್ಟುಕೊಂಡಿತ್ತು. ಹೊಸ ಸರ್ವರಿಗೆ ಆ ಪ್ರವರ ಬಾರದು. ಹೀಗಾಗಿ ಅಮೆರಿಕಕ್ಕೆ ಹೋಗುವ ಮೇಲು ಪಕ್ಕದ ಮೇಜಿಗೆ ಹೋಗದಾಯಿತು. ಮೇಡಂ ಎದ್ದು ಹೋಗಿ ಪಕ್ಕದ ಮೇಜಿನವರ ಹತ್ತಿರ ಬಾಯಲ್ಲೇ ಮಾತಾಡಿದರು; ಕಚೇರಿಯ ಇತಿಹಾಸದಲ್ಲಿ ಅದೊಂದು ಸುದಿನ.

ಎರಡನೆಯ ಕೂಗು ವಿಶಾಖದ ಮ್ಯಾನೇಜರದ್ದು, ಫೋನಿನಲ್ಲಿ, ಫೋನಿಲ್ಲದೆಯೂ ಕೇಳಿಸುವಷ್ಟು. ಅವರ ಮುಖ್ಯ ಮೇಲುಗಳೆಲ್ಲ ಮಾಯ. ಎಲ್ಲಿಟ್ಟಿದ್ದಿರಿ? ‘ಡಿಲೀಟೆಡ್ ಐಟಮ್ಸ್‌ನಲ್ಲಿ.’ ಹುಡುಗ ರಿಸೀವರನ್ನು ನನ್ನ ಕೈಗೆ ಕೊಟ್ಟು ತಲೆಯ ಮೇಲೆ ಕೈ ಹೊತ್ತ. ಕಸದ ಬುಟ್ಟಿಯನ್ನು ಯಾಕೆ ಸಾಗಿಸಬೇಕೆಂದು ಅವನು ಆ ಫೋಲ್ಡರನ್ನೇ ಬಿಟ್ಟಿದ್ದ. ಮ್ಯಾನೇಜರು ತಮ್ಮ ಪದ್ಧತಿ ವಿವರಿಸಿದರು, ಕೇಳಿದರೆ ತರ್ಕ ಇರದೆ ಇಲ್ಲ: ಬೇರೆ ಫೋಲ್ಡರಿಗೆ ಹಾಕಬೇಕಾದರೆ ಮೌಸಿನಿಂದ ಎಳೆದುಕೊಂಡು ಹೋಗಬೇಕು, ಇದಕ್ಕೆ ಒಂದೇ ಗುಂಡಿ. ಒತ್ತಿದರೆ ಇನ್‌ಬಾಕ್ಸ್ ಚೊಕ್ಕಟ, ಬೇಕಾದಾಗ ಅಲ್ಲೇ ಇರುತ್ತದೆ. ‘ಹಾಗಾದರೆ ಬೇಡವಾದ ಮೇಲನ್ನು ಏನು ಮಾಡ್ತೀರಿ?’ ಅಂತ ಕೇಳಿದೆ. ‘ಅದನ್ನು ವಿಜಯವಾಡಕ್ಕೆ ಫಾರ್ವರ್ಡ್ ಮಾಡ್ತೀನಿ.’ ಪುಣ್ಯಕ್ಕೆ ಹಳೆಯ ಸರ್ವರನ್ನು ಆರಿಸಿರಲಿಲ್ಲ. ಇಮ್ಯಾಪ್‌ಸಿಂಕನ್ನು ಮತ್ತೆ ಓಡಿಸಿ ಇಡೀ ಕಚೇರಿಯ ಕಸವನ್ನು ಕೈಮುಗಿದು ಕರೆತಂದೆವು.

ಸಣ್ಣಪುಟ್ಟ ತಕರಾರುಗಳ ಮಾತು ಬೇಡ. ಐಪಿ ಸಂಖ್ಯೆಯಿಂದ ಹಿಂದಕ್ಕೆ ಕೇಳಿದರೂ ನಮ್ಮದೇ ಹೆಸರು ಬರಬೇಕು, ಇಲ್ಲದಿದ್ದರೆ ಪರಊರಿನ ಸರ್ವರುಗಳು ನಮ್ಮನ್ನು ಸ್ಪ್ಯಾಮಿನವರೆಂದು ಬಾಗಿಲಲ್ಲೇ ತಡೆಯುತ್ತವೆ. ಅದನ್ನು ಲೈನು ಕೊಟ್ಟವರು ಸರಿಮಾಡಬೇಕು, ಅವರು ಸಂಕ್ರಾಂತಿಯಿಂದ ವಾಪಸು ಬಂದಿರಲಿಲ್ಲ. ಕ್ಯಾಲೆಂಡರಿನ ಮೀಟಿಂಗುಗಳು ಇಮ್ಯಾಪ್‌ಸಿಂಕಿನಲ್ಲಿ ಬರುವುದಿಲ್ಲವಾಗಿ ಎಲ್ಲ ಹಳೆಯ ಪೆಟ್ಟಿಗೆಯಲ್ಲೇ ಉಳಿದವು. ಆ ಬಗ್ಗೆ ಒಬ್ಬರಿಂದಲೂ ದೂರು ಬರಲಿಲ್ಲ.

ಕನ್ನಡದ್ದೊಂದು ಪ್ರಸಂಗ ಹೇಳಲೇಬೇಕು. ಬೆಂಗಳೂರಿನಿಂದ ಬಂದಿದ್ದ ಹಳೆಯ ಮೇಲುಗಳಲ್ಲಿ ಕೆಲವು ‘ನುಡಿ’ ತಂತ್ರಾಂಶದಲ್ಲಿ, ಕೆಲವು ‘ಬರಹ’ ತಂತ್ರಾಂಶದಲ್ಲಿ ಟೈಪಾದವು. ಹೊಸ ಪರದೆಯಲ್ಲಿ ಅವು ತಲೆಗೆ ಕೊಂಬು, ಕಾಲಿಗೆ ಬಾಲ ಬಂದ ಇಂಗ್ಲಿಷ್ ಅಕ್ಷರಗಳಾಗಿ ನಿಂತಿದ್ದವು. ‘ಸಾರ್, ಲಿನಕ್ಸು ನಿಮ್ಮ ಭಾಷೆ ಹಾಳುಮಾಡ್ತು’ ಎಂದು ವಿಶಾಖದವರು ಖುಷಿಯಿಂದ ಸುದ್ದಿ ತಂದರು. ಹಾಳು ಮಾಡಿದ್ದು ಲಿನಕ್ಸಲ್ಲ. ಆ ಕಾಲದ ಫಾಂಟುಗಳಲ್ಲಿ ಒಳಗೆ ಕೂತದ್ದು ರೋಮನ್ ಅಕ್ಷರವೇ, ಮೇಲೆ ಕನ್ನಡದ ವೇಷ. ಫಾಂಟಿಲ್ಲದ ಕಡೆ ವೇಷ ಕಳಚಿತು. ಯೂನಿಕೋಡಿನಲ್ಲಿ ಬರೆದ ಮೇಲುಗಳು ಒಂದು ಒತ್ತಕ್ಷರವೂ ಕದಲದೆ ಬಂದಿದ್ದವು. ಅದನ್ನು ತೋರಿಸಿದೆ. ನೋಡಿದರು, ‘ಇದು ತೆಲುಗಿನ ಹಾಗೇ ಇದೆಯಲ್ಲ’ ಎಂದು ಎದ್ದು ಹೋದರು.

ಈ ಸಾಗಾಟದ ಪಾಠವನ್ನು ಅಕೌಂಟ್ಸ್ ಮೇಡಂ ಮಾತ್ರ ಮರೆಯಲಿಲ್ಲ. 2020ರ ಏಪ್ರಿಲ್ 1ಕ್ಕೆ ನಮ್ಮ ಕರ್ನಾಟಕ ಕರಾವಳಿಯ ಕಾರ್ಪೊರೇಷನ್ ಬ್ಯಾಂಕೂ ಇವರ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ ಒಟ್ಟಿಗೆ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಅವತ್ತು ಅಕೌಂಟ್ಸ್ ಮೇಡಂ ಬ್ಯಾಂಕಿನ ಗೆಳತಿಗೆ ಫೋನು ಮಾಡಿ ಕೊಟ್ಟ ಉಪದೇಶ ನನಗೆ ಕೇಳಿಸಿತ್ತು: ‘ಎಲ್ಲರ ವಿಳಾಸ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೋ ಅಮ್ಮಾ, ಅಕ್ಷರ ಒತ್ತಿದರೆ ಯಾರೂ ಬರಲ್ಲ.’

ವಿಜಯವಾಡದ ಸರ್ವರು ಬಿಸಿಲಿಗೆ ಕರಗಲಿಲ್ಲ. ಏಸಿ ಇದ್ದದ್ದರಿಂದ ಮೇ ತಿಂಗಳಲ್ಲಿ ಇಡೀ ಕಚೇರಿ ಸರ್ವರ್ ರೂಮಿನಲ್ಲೇ ಊಟಕ್ಕೆ ಕೂರುತ್ತಿತ್ತು. ಯಂತ್ರದ ಮೇಲೆ ಮಜ್ಜಿಗೆ ಚೊಂಬು ಇಡಬಾರದೆಂದು ತೆಲುಗಿನಲ್ಲಿ ಬೋರ್ಡು ಬರೆಸಬೇಕಾಯಿತು. ಆದರೆ 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹೊಳೆ ಉಕ್ಕಿ ಅರ್ಧ ಊರು ನೀರಲ್ಲಿ ನಿಂತಾಗ, ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸಿಗೂ ಮೀರಿ ಕೃಷ್ಣೆ ಹರಿದಾಗ, ಹತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ವಿಶಾಖದವರಿಗೆ ಮತ್ತೆ ಜೀವ ಬಂತು. ಅಷ್ಟರಲ್ಲಿ ಹುಡುಗ ಇನ್ನೊಂದು ಲಿನಕ್ಸ್ ಪೆಟ್ಟಿಗೆಯನ್ನು ವಿಶಾಖದಲ್ಲೂ ಇಟ್ಟು, ವಿಜಯವಾಡಕ್ಕೆ ಬಂದದ್ದು ಅಲ್ಲಿಗೂ ನಕಲಾಗುವಂತೆ ಮಾಡಿದ್ದ. ಇಲ್ಲಿ ಕರೆಂಟು ಹೋದರೂ ಅಲ್ಲಿಂದ ಮೇಲು ನಡೆಯಿತು. ‘ಊಟ ಆಯ್ತಾ? ನಿಮ್ಮ ಮೇಲುಗಳು ನಮ್ಮಲ್ಲಿ ಕ್ಷೇಮ’ ಎಂದು ಮ್ಯಾನೇಜರು ದಿನಾ ಬೆಳಿಗ್ಗೆ ಒಂದು ಮೇಲು ಹಾಕುತ್ತಿದ್ದರು, ದಾಸವಾಳದ ಚಿತ್ರದ ಸಮೇತ.

ಹಳೆಯ ಎಕ್ಸ್‌ಚೇಂಜ್ ಪೆಟ್ಟಿಗೆಯೋ? ಅದು ಈಗಲೂ ವಿಶಾಖದ ಮೂಲೆಯಲ್ಲಿ ಗುರ್ರೆನ್ನುತ್ತಾ ಓಡುತ್ತಿದೆ. ಇನ್ಯಾರು ಇನ್ಯಾವ ಬುಟ್ಟಿಯಲ್ಲಿ ಏನಿಟ್ಟಿದ್ದಾರೋ ಎಂಬ ಹೆದರಿಕೆಯಿಂದ ಆರಿಸಲು ಯಾರೂ ಮುಂದೆ ಬಂದಿಲ್ಲ. ಅದರ ಕರೆಂಟ್ ಬಿಲ್ಲು ಯಾರ ಲೆಕ್ಕಕ್ಕೆ ಎಂಬುದೇ ಈಗಿನ ವ್ಯಾಜ್ಯ. ಯಂತ್ರ ಇರುವುದು ನಿಮ್ಮಲ್ಲಿ, ನೀವೇ ಕಟ್ಟಿ ಅಂತ ವಿಜಯವಾಡ. ಇಡಿ ಎಂದವರು ನೀವು, ನೀವೇ ಕಟ್ಟಿ ಅಂತ ವಿಶಾಖ. ಎಲ್ಲ ಲಿಖಿತದಲ್ಲೇ ನಡೆಯುತ್ತಿದೆ, ಎಲ್ಲರಿಗೂ ಸಿಸಿ ಹಾಕಿ, ಹಿಂದಿನ ಬಿಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಲಗತ್ತಿಸಿ. ಮೊನ್ನೆ ಹೊಸ ಸರ್ವರಿನ ಡಿಸ್ಕು ತುಂಬಿತೆಂದು ಹುಡುಗ ಹುಡುಕಿದರೆ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದು ಆ ಪತ್ರಮಾಲೆಯೇ. ಅಳಿಸಲಾ ಎಂದು ಕೇಳಿದ್ದಕ್ಕೆ ಎರಡೂ ಊರಿನವರು ಮೊದಲ ಸಲ ಒಂದೇ ಬಾಯಿಯಲ್ಲಿ ಬೇಡ ಎಂದರಂತೆ.