ಮುಡ್ಲಿ ಹೆರೆದ ಅಳಿಯ

ಅಂಬಿಕಾನಗರದ ಕ್ವಾರ್ಟರ್ಸ್‌ನಲ್ಲಿರುವ ರಾಯರು (ಈ ಲೇಖಕ ಸ್ವತಃ ತಾನೇ, ಮಾನ ಹೋದ ಕತೆಯಾದ್ದರಿಂದ ಕೊಂಚ ದೂರ ನಿಂತು ಹೇಳುತ್ತಿದ್ದಾನೆ) ಗದಗದ ಕಡೆಯವರು. ಜೋಳದ ರೊಟ್ಟಿ ಉಂಡು ಬೆಳೆದ ಜೀವ. ಹೆಂಡತಿಯ ತವರು ಜೋಯಿಡಾ ತಾಲ್ಲೂಕಿನ ಗುಂದ. ಹೀಗಾಗಿ ಗೆಡ್ಡೆ-ಗೆಣಸಿನ ಲೋಕಕ್ಕೆ ಅವರ ಪ್ರವೇಶ ಮದುವೆಯ ಮೂಲಕ, ಅಂದರೆ ತಡವಾಗಿ.

ಜನವರಿಯಲ್ಲಿ ಜೋಯಿಡಾದಲ್ಲಿ ನಡೆಯುವ ಗೆಡ್ಡೆ-ಗೆಣಸಿನ ಮೇಳಕ್ಕೆ ರಾಯರು ಹೋದದ್ದು ನೋಟ್‌ಬುಕ್ ಸಮೇತ. ಕುಣಬಿ ಸಮುದಾಯದ ಹೆಂಗಸರು ಮುಡ್ಲಿ, ಕೋನ, ಕಾಟೆ ಕಣಗ ಎಂದು ರಾಶಿ ಹಾಕಿಕೊಂಡು ಕೂತಿದ್ದರು. ಮಳೆಗಾಲದ ಬಾಗಿಲಲ್ಲಿ ನೆಟ್ಟು ಚಳಿಗಾಲಕ್ಕೆ ಅಗೆಯುವ ಬೆಳೆ. ಅಗೆದದ್ದನ್ನೆಲ್ಲ ಮಾರುವುದಿಲ್ಲ, ತಿನ್ನುವುದೂ ಇಲ್ಲ. ಮುಂದಿನ ವರ್ಷದ ಬೀಜಕ್ಕೆ ಪಾಲು ಎತ್ತಿಟ್ಟೇ ಉಳಿದ ಮಾತು. ರಾಯರು ಇದನ್ನೆಲ್ಲ ಬರೆದುಕೊಂಡರು. ಮುಡ್ಲಿ ಕೆಸುವಿನ ಬಳಗದ್ದು ಎಂಬುದನ್ನೂ ಬರೆದುಕೊಂಡು ಅಡಿಗೆರೆ ಎಳೆದರು. ಐದು ಕಿಲೋ ಕೊಂಡರು.

ಮನೆಗೆ ಬಂದವರೇ ಅತ್ತೆಗೆ ಸುಸ್ಥಿರ ಆಹಾರದ ಉಪನ್ಯಾಸ ಶುರು ಹಚ್ಚಿದರು. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಅಂತ 16 ದೇಶಗಳ 37 ವಿಜ್ಞಾನಿಗಳು ಸೇರಿ, ಭೂಮಿಗೂ ಮೈಗೂ ಒಗ್ಗುವ ಊಟ ಯಾವುದೆಂದು ವರದಿ ಕೊಟ್ಟಿದ್ದಾರೆ ಎಂದರು. ಅತ್ತೆ ಹೀರೆಕಾಯಿ ಸಿಪ್ಪೆಯನ್ನು ಚಟ್ನಿಗೆ ಹುರಿಯುತ್ತಿದ್ದರು. ಕಲ್ಲಂಗಡಿಯ ಬಿಳಿ ತಿರುಳು ನಾಳೆಯ ದೋಸೆಗೆಂದು ಪಕ್ಕದಲ್ಲಿತ್ತು. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಇಡುವವರ ಪೈಕಿ ಅವರು. “ಅಷ್ಟು ಜನಕ್ಕೆ ಅಡುಗೆ ಯಾರು ಮಾಡಿದ್ರು?” ಎಂದಷ್ಟೇ ಕೇಳಿದರು.

ಅವಮಾನ ತಾಳದೆ ರಾಯರು ಮುಡ್ಲಿ ಹೆರೆಯಲು ತಾವೇ ಕೂತರು. ತೊಳೆದ ಮುಡ್ಲಿ, ಒದ್ದೆ ಕೈ.

ಮೊದಲು ಹೆಬ್ಬೆರಳ ಬುಡದಲ್ಲಿ ಏನೋ ಸಣ್ಣಗೆ ಚುಯ್ಯೆಂದಿತು. ಚಳಿ ಇರಬೇಕೆಂದುಕೊಂಡರು. ಎರಡನೆಯ ಗೆಡ್ಡೆಗೆ ಬರುವಾಗ ಅಂಗೈಯಲ್ಲಿ ಇರುವೆ ಸಾಲು. ಎಡಗೈಯಿಂದ ಬಲಗೈ ಕೆರೆದರು. ಈಗ ಇರುವೆ ಎರಡೂ ಕಡೆ. ಮೊಣಕೈಯನ್ನು ಗೋಡೆಗೆ ಉಜ್ಜಿದರು. ಆಗಲೇ ಫೋನ್ ರಿಂಗಾಗಬೇಕೆ? ಬೆರಳು ಒತ್ತಿದರೆ ಪರದೆ ಏಳಲಿಲ್ಲ. ಅಂಟು ತೆಗೆಯಲೆಂದು ಈ ಪದವೀಧರ ಬೆರಳು ನೆಕ್ಕಿದರು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ ಎಂಬುದು ನೋಟ್‌ಬುಕ್ಕಿನಲ್ಲಿ ಇತ್ತು. ಈಗ ನಾಲಿಗೆಯಲ್ಲೂ ಇತ್ತು. ಹೇಗೋ ಫೋನ್ ಎತ್ತಿ “ಅಹೋ” ಎಂದದ್ದನ್ನು ಆ ತುದಿಯ ಗೆಳೆಯ “ಹಲೋ” ಎಂದು ತಿಳಿದು ಹತ್ತು ನಿಮಿಷ ಸೈಟಿನ ವಿಷಯ ಮಾತಾಡಿದ. ಬಾಗಿಲ ಚಿಲಕ, ಚಾಪೆ, ತೆಂಗಿನ ಕತ್ತ, ಕೊನೆಗೆ ನೆಲ ಒರೆಸುವ ಗೋಣಿ: ಮನೆಯಲ್ಲಿ ಒರಟಾದದ್ದು ಏನೇನಿದೆಯೆಂದು ರಾಯರಿಗೆ ಅಂದು ಗೊತ್ತಾಯಿತು.

ಒಂಬತ್ತು ವರ್ಷದ ಮಗಳು ಹುಣಸೆಹಣ್ಣು ತಂದು ಅಂಗೈಗೆ ತಿಕ್ಕಿದಳು. “ಕೈ ಒಣಗಿರ್ಬೇಕು ಅಪ್ಪಾ, ಇಲ್ಲಾಂದ್ರೆ ಎಣ್ಣೆ ಹಚ್ಕೋಬೇಕು. ಬೇಯಿಸುವಾಗ್ಲೂ ಹುಳಿ ಹಾಕ್ತಾರೆ.” ಯಾರು ಕಲಿಸಿದರೆಂದರೆ ಯಾರೂ ಇಲ್ಲವಂತೆ. “ಅಮ್ಮಮ್ಮ ಮಾಡೋದು ನೋಡಿದೀನಲ್ಲ!”

ರಾಯರಿಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ, ದಾಂಡೇಲಿಗೆ ಜಲಕ್ರೀಡೆಗೆಂದು ಬಂದು ಬಫೆ ತಟ್ಟೆಯಲ್ಲಿ ಅರ್ಧ ಚೆಲ್ಲಿ ಹೋಗುವವರ ಮೇಲೆ ತಿರುಗಿಸಿದರು. ಅತ್ತೆ ಕೇಳಿಸಿಕೊಂಡು ಬೇರೆಯೇ ಹೇಳಿದರು: ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದಾಗ ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮಂದಿ ರಾಮನಗರಕ್ಕೆ ಹೋದರು, ಗದ್ದೆ ಮಾತ್ರ ಎಲ್ಲಿಗೂ ಹೋಗಲಾರದೆ ಅಲ್ಲೇ ಉಳಿಯಿತು. ನಾಗಝರಿಯಲ್ಲಿ ಆ ನೀರಿನಿಂದಲೇ ಆಗುವ ಕರೆಂಟಿನಲ್ಲಿ ರಾಯರ ಫ್ಯಾನು ತಿರುಗುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಾಯರು ಕೆರೆದುಕೊಳ್ಳುವುದನ್ನೂ ನಿಲ್ಲಿಸಿದ್ದರು.

ಐದು ಕಿಲೋದಲ್ಲಿ ಒಂದಿಷ್ಟನ್ನು ಅತ್ತೆ ಬೀಜಕ್ಕೆಂದು ತೆಗೆದಿಟ್ಟಿದ್ದರು. ಮೊದಲ ಮಳೆಗೆ ಅಮ್ಮಮ್ಮ-ಮೊಮ್ಮಗಳು ಕ್ವಾರ್ಟರ್ಸ್‌ನ ಹಿತ್ತಲಲ್ಲಿ ನೆಟ್ಟರು. ಈಗ ಆನೆಕಿವಿಯಷ್ಟು ಎಲೆ. ರಾಯರು ದಿನಾ ಬೆಳಿಗ್ಗೆ ಹೋಗಿ ನೋಡುತ್ತಾರೆ, ಕೈ ಹಿಂದೆ ಕಟ್ಟಿಕೊಂಡು.