ನೆನೆಯಬಾರದ ಕೊಡೆ

ಸಕಲೇಶಪುರ ಕಡೆಯ ಹೆತ್ತೂರು ಹೋಬಳಿಯಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಬಟ್ಟೆಯ ವಿಚಾರದಲ್ಲಿ ಉಳಿಯುವುದು ಒಂದೇ ಪ್ರಶ್ನೆ: ನೀರು ಒಳಗೆ ಇಳಿಯುತ್ತೋ ಇಲ್ಲವೋ? ಬಣ್ಣ, ಅಂಚು, ಹೊಲಿಗೆಯ ಚೆಂದವನ್ನೆಲ್ಲ ದೀಪಾವಳಿ ಕಳೆದು ಬಿಸಿಲು ಕಂಡ ಮೇಲೆ ಮಾತಾಡಿಕೊಳ್ಳಬಹುದು. ಜಗತ್ತಿನ ದುಬಾರಿ ವಸ್ತ್ರ ವಿನ್ಯಾಸಕರನ್ನು ಒಮ್ಮೆ ಈ ಪರೀಕ್ಷೆಗೆ ಕೂರಿಸಬೇಕು.

ಮೊದಲ ಅಭ್ಯರ್ಥಿ ಗೂಚಿ. ಇಟಲಿಯ ಈ ಕಂಪನಿ 2022ರಲ್ಲಿ ಅಡಿಡಾಸ್ ಜೊತೆ ಸೇರಿ ಚೀನಾದ ಪೇಟೆಗೆ ಒಂದು ಕೊಡೆ ಬಿಟ್ಟಿತು. ಬೆಲೆ 11,100 ಯುವಾನ್, ನಮ್ಮ ದುಡ್ಡಿನಲ್ಲಿ ಒಂದೂಕಾಲು ಲಕ್ಷದ ಆಸುಪಾಸು. ಜೊತೆಗೊಂದು ಸೂಚನೆಯೂ ಇತ್ತು: ಇದು ನೀರು ತಡೆಯುವುದಿಲ್ಲ, ಬಿಸಿಲಿಗೆ ಇಲ್ಲವೇ ಅಲಂಕಾರಕ್ಕೆ ಬಳಸತಕ್ಕದ್ದು. ಅಂದರೆ ವನಗೂರು ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಮಳೆ ಬಂದರೆ ಕೊಡೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ನಾವು ನೆನೆಯಬೇಕು. ಶ್ರೀಮಂತರಾದರೆ ಕೊಡೆಗೊಂದು ಕೊಡೆ ಹಿಡಿಯಲು ಆಳು ಇಟ್ಟುಕೊಳ್ಳಬಹುದು.

ಅದೇ ರಸ್ತೆಯಲ್ಲಿ ತೋಟದ ಕೆಲಸಕ್ಕೆ ಹೊರಟ ಹೆಂಗಸಿನ ತಲೆ ಮೇಲಿನ ಕೊಪ್ಪೆಯನ್ನು ನೋಡಿ. ಗೊಬ್ಬರದ ಖಾಲಿ ಚೀಲ, ಅದರ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿದರೆ ಮುಗಿಯಿತು. ತಲೆಯಿಂದ ಸೊಂಟದ ಕೆಳಗಿನವರೆಗೆ ಮರೆ, ಎರಡೂ ಕೈ ಖಾಲಿ. ಬಗ್ಗಿ ದುಡಿಯುವವರಿಗೆ ಮೊದಲು ನೆನೆಯುವುದು ಬೆನ್ನು ಎಂಬ ಸಂಗತಿ ಈ ಕೊಪ್ಪೆಗೆ ಗೊತ್ತಿದೆ. ಇದಕ್ಕೂ ಮುಂಚೆ ಕಂಬಳಿ ಕೊಪ್ಪೆ ಇತ್ತು, ಬಿದಿರಿನ ಸೀಳುಗಳ ನಡುವೆ ಎಲೆ ಹೊದಿಸಿದ ಗೊರಬು ಇತ್ತು. ಇವನ್ನು ಕಂಡುಹಿಡಿದವರು ಯಾರೂ ರ‍್ಯಾಂಪಿನ ತುದಿಗೆ ಬಂದು ಕೈ ಬೀಸಿದವರಲ್ಲ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾದೀತು. ಇಂಗ್ಲೆಂಡಿನ ಥಾಮಸ್ ಬರ್ಬೆರಿ 1879ರಲ್ಲಿ ಗ್ಯಾಬರ್ಡೀನ್ ಎಂಬ ಬಟ್ಟೆ ಮಾಡಿದ. ನೇಯುವ ಮೊದಲೇ ನೂಲನ್ನು ನೀರು ಹೀರದಂತೆ ಹದ ಮಾಡುವುದು ಅವನ ಉಪಾಯ. ಅಂಥವನು ಹೆತ್ತೂರಿಗೆ ಬಂದಿದ್ದರೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಬಹುದಿತ್ತು. ಆದರೆ ಅವನ ಹೆಸರು ಹೊತ್ತ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ, ಮಾರಾಟವಾಗದ ಮಾಲನ್ನು ನಾಶ ಮಾಡಿದ್ದು 2018ರಲ್ಲಿ ಬಯಲಾಯಿತು. ಅಗ್ಗಕ್ಕೆ ಬಿಟ್ಟರೆ ಬ್ರ್ಯಾಂಡಿನ ಮಾನ ಹೋಗುತ್ತದಲ್ಲ! ಊರೆಲ್ಲ ಉಗಿದ ಮೇಲೆ, ಇನ್ನು ಸುಡುವುದಿಲ್ಲ ಎಂದು ಅದೇ ವರ್ಷ ಮಾತು ಕೊಟ್ಟಿತು. ಮಳೆ ತಡೆಯುವ ಬಟ್ಟೆಯಿಂದ ಹೆಸರು ಮಾಡಿದ ಮನೆಗೆ ಕೊನೆಗೆ ಬೇಕಾದದ್ದು ಬೆಂಕಿ.

ಆ ಕೊಡೆ ಬಂದಾಗ ಗೂಚಿಯಲ್ಲಿ ವಿನ್ಯಾಸಕ ಅಲೆಸ್ಸಾಂಡ್ರೊ ಮಿಕೇಲೆ ಅವರ ಆಳ್ವಿಕೆ. 2020ರಲ್ಲಿ ಅವರ ಅಂಗಡಿಗೆ ಮಂಡಿಯ ಮೇಲೆ ಹುಲ್ಲಿನ ಕಲೆ ಇರುವ ಜೀನ್ಸ್ ಬಂತು, ನೂರಾರು ಪೌಂಡ್ ಬೆಲೆಗೆ. ಕಳೆ ಕೀಳದೆ, ಜಿಗಣೆ ಕಚ್ಚಿಸಿಕೊಳ್ಳದೆ ಕಲೆ ಮಾತ್ರ ಬೇಕೆನ್ನುವವರಿಗೆ ಇದು. ಬಲೆನ್ಸಿಯಾಗದಲ್ಲಿದ್ದ ಡೆಮ್ನಾ 2022ರಲ್ಲಿ ಕಸದ ಚೀಲದಂತೆಯೇ ಕಾಣುವ ಚರ್ಮದ ಚೀಲವನ್ನು 1,790 ಡಾಲರಿಗೆ ಮಾರಿದರು. 2025ರಲ್ಲಿ ಅವರನ್ನು ಗೂಚಿಯೇ ಕರೆಸಿಕೊಂಡಿತು. ಸೋರುವ ಕೊಡೆಯವರಿಗೆ ಕಸದ ಚೀಲದವರು, ಈಡುಜೋಡು ಚೆನ್ನಾಗಿದೆ.

ಇವರಿಗೆ ಕೈಚಳಕ ಇದೆ, ಬುದ್ಧಿಯೂ ಇದೆ. ತೊಡುವವರ ಮೈ ಮಾತ್ರ ಮರೆತುಹೋಗಿದೆ. ಕಾರಿನಿಂದ ಹೋಟೆಲಿನ ಬಾಗಿಲಿಗೆ ಹತ್ತು ಹೆಜ್ಜೆ, ನಡುವೆ ಒಂದು ಫೋಟೊ: ಅಷ್ಟಕ್ಕೆ ಹೊಲಿದ ಬಟ್ಟೆ ಅಷ್ಟಕ್ಕೇ ಸರಿ.

ಹೊಲಿದವರ ಮೈಯೂ ನೆನಪಿರುವಂತೆ ಕಾಣುವುದಿಲ್ಲ. 2024ರಲ್ಲಿ ಮಿಲಾನ್‌ನ ನ್ಯಾಯಾಲಯವು ಡಿಯೋರ್‌ನ ಒಂದು ಘಟಕವನ್ನು ಆಡಳಿತಾಧಿಕಾರಿಯ ನಿಗಾದಲ್ಲಿ ಇರಿಸಿತ್ತು. ಅಂಗಡಿಯಲ್ಲಿ 2,600 ಯೂರೋಗೆ ಮಾರುತ್ತಿದ್ದ ಕೈಚೀಲಕ್ಕೆ, ಚರ್ಮದ ಖರ್ಚು ಬಿಟ್ಟು, ಹೊರಗುತ್ತಿಗೆಯವರಿಗೆ ಸಂದದ್ದು 53 ಯೂರೋ ಎಂದು ಕಡತದಲ್ಲಿತ್ತು. ಕಾಫಿ ಹಣ್ಣಿನ ರೇಟೂ ಬೆಂಗಳೂರಿನ ಗಾಜಿನ ಬಾಗಿಲ ಅಂಗಡಿಯ ಒಂದು ಕಪ್ಪಿನ ರೇಟೂ ಬಲ್ಲ ಸಕಲೇಶಪುರ, ಆಲೂರಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪ್ರಾಡಾ. 2025ರ ಜೂನ್‌ನಲ್ಲಿ ಮಿಯೂಚಾ ಪ್ರಾಡಾ ಮತ್ತು ರಾಫ್ ಸೈಮನ್ಸ್ ಮಿಲಾನ್‌ನಲ್ಲಿ ಗಂಡಸರ ಉಡುಪಿನ ಪ್ರದರ್ಶನ ಮಾಡಿದರು. ಹುಡುಗರ ಕಾಲಲ್ಲಿ ಥೇಟು ಕೊಲ್ಹಾಪುರಿ, ವಿವರಣೆಯಲ್ಲಿ ಬರೀ ಚರ್ಮದ ಚಪ್ಪಲಿ. ಆ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆಯ ಸಮಗಾರರ ಕೈಯಲ್ಲಿ ತಲೆಮಾರುಗಳಿಂದ ಬಂದ ಕಸುಬು ಅದು. ಗದ್ದಲ ಎದ್ದ ಮೇಲೆ, ಹೌದು, ಭಾರತದ ಚಪ್ಪಲಿಯೇ ಪ್ರೇರಣೆ ಎಂದು ಪತ್ರ ಬಂತು. ಹೆಸರು ಮಾರಿ ಬದುಕುವವರಿಗೆ ಇನ್ನೊಬ್ಬರ ಹೆಸರು ಹೇಳಲು ಅಷ್ಟು ಕಷ್ಟ!

ಡಿಸೆಂಬರ್ ಹೊತ್ತಿಗೆ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಎಂಬ ಚರ್ಮೋದ್ಯಮ ನಿಗಮಗಳೊಂದಿಗೆ ಪ್ರಾಡಾ ಒಪ್ಪಂದಕ್ಕೆ ಬಂತು: ಇಲ್ಲಿಯೇ 2,000 ಜೊತೆ ಮಾಡಿಸುವುದು, ಒಂದು ಜೊತೆಗೆ ಸುಮಾರು 800 ಯೂರೋದಂತೆ ಮಾರುವುದು. ಬೈಸಿಕೊಂಡು ಕಲಿತದ್ದಾದರೂ ಕಲಿತದ್ದೇ, ಅಷ್ಟು ಅಂಕ ಕೊಡೋಣ. ಎಂಟುನೂರರಲ್ಲಿ ಹೊಲಿದವರಿಗೆ ಎಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಕೇಳುತ್ತಲೇ ಇರಬೇಕು.

ಆ ಗದ್ದಲದಲ್ಲಿ ಎದೆ ತಟ್ಟಿಕೊಂಡವರಲ್ಲಿ ಸಂತೆಯ ಚಪ್ಪಲಿಗೆ ನೂರು ರೂಪಾಯಿ ಬಿಡು ಎಂದು ಜಗ್ಗಾಡುವವರೂ ಇದ್ದರು. ಮಾಲಿನಲ್ಲಿ ಕಾರ್ಡ್ ಉಜ್ಜುವಾಗ ಇವರ ಬಾಯಿ ಏಳುವುದಿಲ್ಲ. ಅಥಣಿ ಕಡೆ ಹೋದರೆ ಹೇಳಿದ ಬೆಲೆ ಕೊಟ್ಟು, ಹೊಲಿದವರ ಹೆಸರು ಕೇಳಿಕೊಂಡು ಬನ್ನಿ. ಆ ಚಪ್ಪಲಿ ಮೆಟ್ಟಿ ಹೆತ್ತೂರಿಗೆ ಬರುವುದಾದರೆ ಜನವರಿಯಲ್ಲಿ ಬನ್ನಿ. ಜುಲೈಗೆ ಗಂಬೂಟೇ ಸರಿ.